ಹ್ಯಾಂಡಲ್ ಮೇಲೆ ಹಾಡು, ಬೆನ್ನ ಹಿಂದೆ ಬಸ್ಸು!

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ನಾಲ್ಕರಲ್ಲಿ ಯಾವ ಊರಿನ ಬಸ್ ನಿಲ್ದಾಣದ ಎದುರಿಗೆ ಬೇಕಾದರೂ ಸಂಜೆ ಹೊತ್ತು ಅರ್ಧ ತಾಸು ನಿಂತು ನೋಡಿ. ಬಸ್ಸು ಬಂತೋ ಬಿಟ್ಟಿತೋ, ಹತ್ತಾರು ಹಾಡು ಮಾತ್ರ ಬಂದು ಹೋಗಿರುತ್ತವೆ. ಒಂದೂ ಪೂರ್ತಿ ಇರುವುದಿಲ್ಲ. ಒಂದರ ಪಲ್ಲವಿ, ಇನ್ನೊಂದರ ಅರ್ಧ ಚರಣ, ಮತ್ತೊಂದರ ಬರೀ ಡಬ್ ಡಬ್. ಹಾಡು ಹಾಕಿದವನು ಅಷ್ಟರಲ್ಲಿ ಮುಂದಿನ ಸರ್ಕಲ್ ದಾಟಿರುತ್ತಾನೆ.

ಇದು ಹ್ಯಾಂಡಲ್ ಸ್ಪೀಕರ್ ಕಾಲ. ಕೆಎ-27 ನಂಬರಿನ ಗಾಡಿಗಳಲ್ಲಿ ಕನ್ನಡಿ ಇಲ್ಲದವು ಸಿಕ್ಕಾವು, ಸ್ಪೀಕರ್ ಕಟ್ಟಿದವು ಅದಕ್ಕಿಂತ ಸಲೀಸಾಗಿ ಸಿಗುತ್ತವೆ. ಕನ್ನಡಿ ತೆಗೆದ ತೂತಿಗೇ ಸ್ಪೀಕರ್ ಬೋಲ್ಟ್ ಹಾಕಿಸಿಕೊಂಡ ಜಾಣರೂ ಇದ್ದಾರೆ. ಹಿಂದೆ ಬರುವುದು ಕಾಣಿಸಬಾರದು, ಕೇಳಿಸಲೂಬಾರದು. ಇಂಥವರನ್ನು ದೇವರೇ ಕಾಯಬೇಕು.

ಹಾಗಂತ ಹಾಡೇ ಬೇಡ ಅನ್ನುವ ಮಾತಲ್ಲ ಇದು. ಹಾಲು ಹಾಕಲು ನಸುಕಿನಲ್ಲಿ ಹೊರಡುವವನಿಗೆ, ದಿನಾ ಮೂವತ್ತು ನಲವತ್ತು ಕಿಲೋಮೀಟರ್ ಒಬ್ಬನೇ ಓಡಾಡುವ ಔಷಧಿ ಏಜೆಂಟನಿಗೆ, ಸಂತೆಯಿಂದ ಸಂತೆಗೆ ತಿರುಗುವ ಬಟ್ಟೆ ವ್ಯಾಪಾರಿಗೆ ಒಂದು ಹಾಡು ಜೊತೆಗಿದ್ದರೆ ದಾರಿ ಸವೆಯುತ್ತದೆ. ಕೇಳಲಿ. ಆದರೆ ಯಾವ ಸ್ಪೀಕರ್ ಕೊಳ್ಳಬೇಕು, ಎಲ್ಲಿ ಕಟ್ಟಬೇಕು, ಎಷ್ಟು ಸದ್ದು ಇಡಬೇಕು ಎಂಬುದನ್ನು ಮಾರುವವನೂ ಹೇಳುತ್ತಿಲ್ಲ, ಕೊಳ್ಳುವವನೂ ಕೇಳುತ್ತಿಲ್ಲ. ತೊಂದರೆ ಇರುವುದು ಅಲ್ಲಿ.

ಕಿವಿ ಬಲ್ಲ ಸೀಮೆ

ಈ ಸೀಮೆಯವರಿಗೆ ಸಂಗೀತ ಅಂದರೆ ಏನು ಅಂತ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಇದೇ ಹಾನಗಲ್ ತಾಲೂಕಿನವರು, 1914ರಲ್ಲಿ ಹುಟ್ಟಿದವರು. ಇಬ್ಬರಿಗೂ ಕಣ್ಣಿರಲಿಲ್ಲ. ಕಿವಿಯೊಂದನ್ನೇ ನಂಬಿ ಬದುಕಿದರು, ಸಾವಿರಾರು ಮಕ್ಕಳ ಕಿವಿ ತೆರೆಸಿದರು. ಹಾನಗಲ್ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡೇ ಗಂಗೂಬಾಯಿಯವರು ಜಗತ್ತು ಸುತ್ತಿದರು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫರ ತತ್ವಪದಕ್ಕೆ ಮೈಕೂ ಬೇಕಿರಲಿಲ್ಲ, ಬ್ಯಾಟರಿಯೂ ಬೇಕಿರಲಿಲ್ಲ. ಅವರು ತೀರಿಕೊಂಡದ್ದು 1889ರಲ್ಲಿ. ಪದಗಳು ಇನ್ನೂ ಬಾಯಿಂದ ಬಾಯಿಗೆ ಹೋಗುತ್ತಲೇ ಇವೆ.

ಹ್ಯಾಂಡಲ್‌ಗೆ ಹಾಡು ಕಟ್ಟುವ ಚಟವೂ ಹೊಸದಲ್ಲ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಮುಂದೆ ಟ್ರಾನ್ಸಿಸ್ಟರ್ ಬಂತು. ಚರ್ಮದ ಚೀಲದ ಟ್ರಾನ್ಸಿಸ್ಟರನ್ನು ಸೈಕಲ್ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದ ಅಜ್ಜಂದಿರು ಈಗಲೂ ಇದ್ದಾರೆ, ಕೇಳಿ ನೋಡಿ. ಆಗ ಅಂಚೆ ಕಚೇರಿಗೆ ಹೋಗಿ ರೇಡಿಯೋಗೆ ಲೈಸೆನ್ಸ್ ಮಾಡಿಸಬೇಕಿತ್ತು. ಆ ಟ್ರಾನ್ಸಿಸ್ಟರಿನ ಸದ್ದು ಎಷ್ಟು? ಅರ್ಧ ವಾಟ್ ಇದ್ದರೆ ದೊಡ್ಡದು. ಆದರೂ ಸೈಕಲ್ ತುಳಿಯುವವನಿಗೆ ಪ್ರದೇಶ ಸಮಾಚಾರದ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಯಾಕೆ? ಸೈಕಲ್ ನಿಧಾನ, ಗಾಳಿಯ ಸದ್ದಿಲ್ಲ, ಇಂಜಿನ್ನಿನ ಸದ್ದಿಲ್ಲ.

ಈಗ ಗಾಡಿ ಬದಲಾಗಿದೆ. ಲೆಕ್ಕವೂ ಬದಲಾಗಬೇಕಲ್ಲವೇ?

ಗಾಳಿಯ ಜೊತೆ ಕುಸ್ತಿ

ಮೋಟಾರ್ ಸೈಕಲ್ ಮೇಲೆ ಹಾಡಿಗೆ ದೊಡ್ಡ ವೈರಿ ಇಂಜಿನ್ ಅಂತ ಎಲ್ಲರೂ ತಿಳಿದಿದ್ದಾರೆ. ಊರೊಳಗೆ ಅದು ನಿಜ. ಊರು ದಾಟಿದ ಮೇಲೆ ವೈರಿ ಗಾಳಿ. ಗಂಟೆಗೆ 60 ಕಿಲೋಮೀಟರ್ ಓಡುವಾಗ ಸವಾರನ ಕಿವಿಗೆ ಬಡಿಯುವ ಗಾಳಿಯ ಸದ್ದೇ 90 ಡೆಸಿಬಲ್ ಆಸುಪಾಸು ಇರುತ್ತದೆ. ವೇಗ ಏರಿದಷ್ಟೂ ಅದೂ ಏರುತ್ತದೆ. ಈ ಗಾಳಿಯನ್ನು ಸೋಲಿಸಿ ಹಾಡು ಕೇಳಬೇಕೆಂದರೆ ಹಾಡು 95ಕ್ಕೋ 100ಕ್ಕೋ ಹೋಗಬೇಕು.

ಕಿವಿಗೆ ಎಷ್ಟು ತಾಳಿಕೆ ಇದೆ? ಕಿವಿಯ ರಕ್ಷಣೆಗೆ ತಜ್ಞರು ಇಟ್ಟುಕೊಂಡಿರುವ ಲೆಕ್ಕ ಇದು: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಅಲ್ಲಿಂದ 3 ಡೆಸಿಬಲ್ ಏರಿದರೆ ವೇಳೆ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 97ಕ್ಕೆ ಅರ್ಧ ತಾಸು, 100ಕ್ಕೆ ಕಾಲು ತಾಸು. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹಾಡು ಹಾಕಿಕೊಂಡು ಹೋದವನ ಕಿವಿಯ ಆ ದಿನದ ಪಡಿ ದಾರಿಯಲ್ಲೇ ಮುಗಿದುಹೋಗುತ್ತದೆ. ವಾಪಸ್ ಬರುವುದೆಲ್ಲ ಸಾಲ. ಈ ಸಾಲ ತೀರಿಸಲು ಬರುವುದಿಲ್ಲ. ಸತ್ತ ಕಿವಿಯ ನರ ಮತ್ತೆ ಚಿಗುರುವುದಿಲ್ಲ.

1980ರ ದಶಕದ ಶುರುವಿನಲ್ಲಿ ಜಪಾನಿನ ಹೋಂಡಾ ಕಂಪನಿ ತನ್ನ ಗೋಲ್ಡ್ ವಿಂಗ್ ಗಾಡಿಗೆ ರೇಡಿಯೋ, ಸ್ಪೀಕರ್ ಕೂಡಿಸಿ ಅಮೆರಿಕದಲ್ಲಿ ಮಾರಿತು.  ಆದರೆ ಆ ಗಾಡಿಯ ಇಂಜಿನ್ 1000 ಸಿಸಿಗೂ ಮೇಲೆ. ಮುಂದೆ ಎದೆಮಟ್ಟದ ಗಾಜಿನ ತಡೆ. ಗಾಳಿ ಸವಾರನಿಗೆ ಬಡಿಯುವುದಕ್ಕೆ ಮೊದಲೇ ಮೇಲೆ ಹಾರಿಹೋಗುತ್ತದೆ. ನಮ್ಮ 100 ಸಿಸಿ ಗಾಡಿಗೆ ಮುಂದೆ ಏನಿದೆ? ಒಂದು ಹೆಡ್‌ಲೈಟು, ಅದರ ಮೇಲೊಂದು ನಿಂಬೆಹಣ್ಣು ಮೆಣಸಿನಕಾಯಿ. ಆನೆ ಲದ್ದಿ ನೋಡಿ ಆಡು ತಿಣುಕಿದಂತಾಯಿತು.

500 ವಾಟ್ ಎಂಬ ದೊಡ್ಡ ಸುಳ್ಳು

ಅಂಗಡಿಯಲ್ಲಿ ಮಾತು ಹೀಗೆ ನಡೆಯುತ್ತದೆ.

"ಅಣ್ಣಾರ, ಜೋರ್ ಸೌಂಡ್ ಬರೋದು ಯಾವುದೈತ್ರಿ?"

"ಇದ್ ತಗೋಳೋ ತಮ್ಮಾ, 500 ವಾಟ್ ಐತಿ. ಊರ ತುಂಬ ಕೇಳತೈತಿ."

ಅಣ್ಣ ಸುಳ್ಳು ಹೇಳುತ್ತಿಲ್ಲ. ಡಬ್ಬಿಯ ಮೇಲೆ ಇರುವುದನ್ನು ಓದುತ್ತಿದ್ದಾನೆ. ಸುಳ್ಳು ಇರುವುದು ಡಬ್ಬಿಯ ಮೇಲೆ. 1990ರ ದಶಕದಲ್ಲಿ ಟೇಪ್ ರೆಕಾರ್ಡರ್ ಕೊಂಡವರಿಗೆ ಈ ಆಟ ಗೊತ್ತಿದೆ. ಆಗ 'ಪಿಎಂಪಿಒ' ಅಂತ ಬರೆದು ಸಾವಿರ, ಎರಡು ಸಾವಿರ ವಾಟ್ ಅನ್ನುತ್ತಿದ್ದರು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ, ಅದೂ ಕಾಗದದ ಮೇಲೆ. ನೋಡಬೇಕಾದ್ದು 'ಆರ್‌ಎಂಎಸ್' ವಾಟ್. ಅದು ಎಡೆಬಿಡದೆ ಕೊಡುವ ಶಕ್ತಿ.

ಲೆಕ್ಕ ಮಾಡಿಯೇ ನೋಡಬಹುದು. ಅಂಗಡಿಯವರಿಗೆ ಲೆಕ್ಕ ಹೊಸದಲ್ಲ. ಗಾಡಿಯ ಬ್ಯಾಟರಿ 12 ವೋಲ್ಟ್. 500 ವಾಟ್ ನಿಜವಾಗಿ ಬೇಕಾದರೆ 40 ಆಂಪಿಯರಿಗೂ ಮೇಲೆ ಎಳೆಯಬೇಕು. 100 ಸಿಸಿ ಗಾಡಿಯಲ್ಲಿ ಇರುವುದು 3 ಆಂಪಿಯರ್ ಅವರ್ ಬ್ಯಾಟರಿ. ಅಂದರೆ ಎಲ್ಲ ಸೇರಿ 36 ವಾಟ್ ಅವರ್ ಸರಕು. 500 ವಾಟ್ ಎಳೆದರೆ ಐದು ನಿಮಿಷದೊಳಗೆ ಖಾಲಿ! ಇನ್ನು ಚಾರ್ಜರ್ ಚುಚ್ಚುವ ಪುಟ್ಟ ಬ್ಲೂಟೂತ್ ಸ್ಪೀಕರಿನ ಹೊಟ್ಟೆಯೊಳಗೆ 3.7 ವೋಲ್ಟಿನ, 1200 ಮಿಲಿ ಆಂಪಿಯರ್ ಅವರ್ ಬ್ಯಾಟರಿ ಇದೆ ಅನ್ನಿ. ಅದರ ಸರಕು ನಾಲ್ಕೂವರೆ ವಾಟ್ ಅವರ್ ಕೂಡ ತುಂಬುವುದಿಲ್ಲ. ಅದು 500 ವಾಟ್ ಕೊಟ್ಟರೆ ಅರ್ಧ ನಿಮಿಷದಲ್ಲಿ ಹಾಡೂ ಮುಗಿಯಿತು, ಸ್ಪೀಕರೂ ಮುಗಿಯಿತು. ನಾಲ್ಕು ತಾಸು ಹಾಡುತ್ತದೆ ಅಂದಮೇಲೆ ಅದು ಒಂದು ವಾಟಿನ ಲೆಕ್ಕದ್ದೇ. ಎರಡೂ ಮಾತು ನಿಜ ಆಗಲು ಸಾಧ್ಯವೇ ಇಲ್ಲ.

ಇನ್ನೊಂದು ಗುಟ್ಟು. ವಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ. 10 ವಾಟಿನ ಬದಲು 20 ವಾಟ್ ಹಾಕಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಗಮನ ಕೊಟ್ಟು ಕೇಳಿದರೆ ಗೊತ್ತಾದೀತು, ಅಷ್ಟೆ. ಕಿವಿಗೆ 'ದುಪ್ಪಟ್ಟು' ಅನ್ನಿಸಬೇಕಾದರೆ 10ರ ಬದಲು 100 ವಾಟ್ ಬೇಕು. ಹಾಗಾಗಿ ದೊಡ್ಡ ಸ್ಪೀಕರಿಗೆ ದುಪ್ಪಟ್ಟು ದುಡ್ಡು ಸುರಿದವನಿಗೆ ಸಿಗುವುದು ದುಪ್ಪಟ್ಟು ಹಾಡಲ್ಲ, ದುಪ್ಪಟ್ಟು ಬ್ಯಾಟರಿ ಖರ್ಚು.

ಹಾಗಾದರೆ ಎಷ್ಟು ಬೇಕು? ಊರೊಳಗೆ, ಹಳ್ಳಿ ದಾರಿಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಮುಖದ ಕಡೆ ತಿರುಗಿಸಿದ ಒಂದೇ ಒಂದು ಸ್ಪೀಕರ್, ನಿಜವಾದ 3ರಿಂದ 5 ವಾಟ್, ಧಾರಾಳ ಸಾಕು. ಹ್ಯಾಂಡಲ್‌ನಿಂದ ಸವಾರನ ಕಿವಿಗೆ ಇರುವ ದೂರ ಒಂದು ಮೊಳದ ಮೇಲೆ ಸ್ವಲ್ಪ. ಅಷ್ಟಕ್ಕೆ ಜಾತ್ರೆಯ ಹಾರ್ನ್ ಬೇಕೇ? ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವವನಿಗೆ ಯಾವ ಸ್ಪೀಕರೂ ಸಾಲುವುದಿಲ್ಲ. ಅಲ್ಲಿ ಬಂದ್ ಮಾಡುವುದೇ ಉಪಾಯ.

ನಾಲ್ಕು ತಾಲೂಕು, ನಾಲ್ಕು ದಾರಿ

ಸ್ಪೀಕರ್ ಡಬ್ಬಿಯ ಮೇಲೆ 'ಐಪಿ' ಅಂತ ಬರೆದು ಎರಡು ಅಂಕಿ ಇರುತ್ತವೆ. ಬಹಳ ಮಂದಿ ಅದನ್ನು ಮಾಡೆಲ್ ನಂಬರ್ ಅಂದುಕೊಂಡಿದ್ದಾರೆ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಮೊದಲ ಅಂಕಿ 6 ಇದ್ದರೆ ಧೂಳು ಒಳಗೆ ಹೋಗದು. ಎರಡನೆಯದು 4 ಇದ್ದರೆ ನೀರು ಸಿಡಿದರೆ ತೊಂದರೆ ಇಲ್ಲ. 5 ಇದ್ದರೆ ಪೈಪಿನ ನೀರು ಬಿದ್ದರೂ ತಡೆಯುತ್ತದೆ. 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಉಳಿಯುತ್ತದೆ. ಅಂಕಿಯ ಜಾಗದಲ್ಲಿ 'ಎಕ್ಸ್' ಅಂತ ಇದ್ದರೆ ಅದನ್ನು ಪರೀಕ್ಷೆ ಮಾಡಿಲ್ಲ ಅಂತ ಅರ್ಥ.

ಹಾನಗಲ್ಲಿನದು ಅರೆಮಲೆನಾಡು. ಮಳೆಗಾಲದಲ್ಲಿ ಭತ್ತದ ಗದ್ದೆ ಬದಿಯ ದಾರಿಯಲ್ಲಿ ಓಡಾಡುವವನು ಎರಡನೆಯ ಅಂಕಿ ನೋಡಿ ಕೊಳ್ಳಬೇಕು. 5ಕ್ಕೆ ಕಡಿಮೆ ಇದ್ದರೆ ಒಂದು ಮಳೆಗಾಲ ದಾಟುವುದು ಕಷ್ಟ. ಸವಣೂರಿನ ಕಡೆ ಎರೆಮಣ್ಣು, ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳು. ಅಲ್ಲಿಯವರು ಮೊದಲ ಅಂಕಿ ನೋಡಲಿ. ಸ್ಪೀಕರ್ ಪೊರೆಯ ಮೇಲೆ ಧೂಳು ಕೂತರೆ ಸವಣೂರು ಖಾರಾ ಜಗಿದಂತೆ ಕರಕರ ಅನ್ನುತ್ತದೆ ಹಾಡು.

ಶಿಗ್ಗಾಂವಿಯವರ ಸಂಗತಿ ಬೇರೆ. ಪುಣೆ ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಊರಿಗೆ ಹತ್ತಿಕೊಂಡೇ ಇದೆ. ಬಂಕಾಪುರಕ್ಕೆ ಹೋಗಬೇಕಾದವನಿಗೂ ಅದೇ ದಾರಿ. ಅಲ್ಲಿ ಲಾರಿ, ವೋಲ್ವೋ ಬಸ್ಸು ಬೆನ್ನಿಗೆ ಬಂದು ನಿಂತದ್ದು ಗೊತ್ತಾಗುವುದು ಕಿವಿಯಿಂದ. ಹೆದ್ದಾರಿ ಹತ್ತುವ ಮೊದಲು ಒಂದೇ ಗುಂಡಿ ಒತ್ತಿ ಹಾಡು ನಿಲ್ಲಿಸುವಂತಿರಬೇಕು. ಆ ಗುಂಡಿ ಸ್ಪೀಕರಿನ ಮೈಮೇಲೇ ಇರಬೇಕು, ಬೆರಳಿಗೆ ಸಿಗುವಷ್ಟು ದೊಡ್ಡದಿರಬೇಕು. ಜೇಬಿನಿಂದ ಮೊಬೈಲ್ ತೆಗೆದು ಹಾಡು ಬದಲಿಸುವ ಮಾದರಿ ಬೇಡವೇ ಬೇಡ. ಗಾಡಿ ಓಡಿಸುತ್ತ ಕೈಯಲ್ಲಿ ಮೊಬೈಲ್ ಬಳಸುವುದನ್ನು 2019ರ ತಿದ್ದುಪಡಿಯಲ್ಲಿ ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದ್ದಾರೆ.

ಹಿರೇಕೆರೂರಿನ ಕಡೆ ಸುಗ್ಗಿ ಬಂತೆಂದರೆ ರಸ್ತೆಯೇ ಕಣ. ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ನಿಲ್ಲಲೇಬೇಕು. ಕಾಳು ಕೆದರುವ ಹೆಣ್ಣುಮಗಳು "ಏಯ್, ನಿಧಾನ್ರೀ" ಅಂತ ಕೂಗಿದ್ದು ಕೇಳದಿದ್ದರೆ ಕಾಳಿನ ಮೇಲೆ ಗಾಲಿ ಜಾರುತ್ತದೆ. ಆಮೇಲೆ ಯಾರ ಹಾಡೂ ಕೇಳುವ ಸ್ಥಿತಿ ಇರುವುದಿಲ್ಲ.

ಕಟ್ಟುವುದೂ ಒಂದು ವಿದ್ಯೆ

ನಮ್ಮ ಕಡೆಯ ಬಹುತೇಕ ಗಾಡಿಗಳ ಹ್ಯಾಂಡಲ್ ಪೈಪು 22 ಮಿಲಿಮೀಟರಿನದು. ಸ್ಪೀಕರಿನ ಕ್ಲಾಂಪು ಇದಕ್ಕೆ ಸರಿಯಾಗಿ ಕೂರಬೇಕು. ದೊಡ್ಡದಾದರೆ ರಬ್ಬರ್ ಪಟ್ಟಿ ಸುತ್ತಿ ಬಿಗಿ ಮಾಡಬೇಕೇ ಹೊರತು ಸೈಕಲ್ ಟ್ಯೂಬಿನ ಗಂಟು ಕಟ್ಟಿ ದೇವರ ಮೇಲೆ ಭಾರ ಹಾಕಬಾರದು. ಇಂಜಿನ್ ನಡುಗಿದಷ್ಟೂ ನಟ್ಟು ಸಡಿಲವಾಗುತ್ತದೆ. ವಾರಕ್ಕೊಮ್ಮೆ ಕೈ ಹಾಕಿ ನೋಡಬೇಕು.

ಕಟ್ಟಿದ ಮೇಲೆ ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊನೆಯವರೆಗೆ ತಿರುಗಿಸಿ ನೋಡಬೇಕು. ಸ್ಪೀಕರ್ ಪೆಟ್ರೋಲ್ ಟ್ಯಾಂಕಿಗೆ ತಾಗಬಾರದು. ಕ್ಲಚ್ ಕೇಬಲ್, ಬ್ರೇಕ್ ಹಿಡಿಕೆ, ಎಕ್ಸಲೇಟರ್ ವಾಯರು ಇವು ಮೂರರ ದಾರಿಗೆ ಅಡ್ಡ ಬರಬಾರದು. ಮೀಟರ್ ಕಾಣಬೇಕು. ಇಂಡಿಕೇಟರ್ ಮುಚ್ಚಬಾರದು. ಕನ್ನಡಿಯಂತೂ ತೆಗೆಯಲೇಬಾರದು.

ಎಷ್ಟೋ ಹುಡುಗರು ಬ್ಯಾಟರಿಯಿಂದ ನೇರ ವಾಯರು ಎಳೆಸಿ ಆಂಪ್ಲಿಫೈಯರ್ ಕೂಡಿಸಿಕೊಳ್ಳುತ್ತಾರೆ. ಅಂಥವರಿಗೆ ಎರಡು ಮಾತು. ಬ್ಯಾಟರಿಗೂ ಆಂಪ್ಲಿಫೈಯರಿಗೂ ನಡುವೆ, ಬ್ಯಾಟರಿಯ ಹತ್ತಿರವೇ, ಒಂದು ಫ್ಯೂಸ್ ಇರಲೇಬೇಕು. ಹತ್ತೋ ಇಪ್ಪತ್ತೋ ರೂಪಾಯಿಯ ಆ ಫ್ಯೂಸ್ ಇಲ್ಲದೆ ವಾಯರು ಉಜ್ಜಿ ಬರಿದಾದರೆ ಪೆಟ್ರೋಲ್ ಟ್ಯಾಂಕಿನ ಕೆಳಗೇ ಕಿಡಿ ಹಾರುತ್ತದೆ. ಎರಡನೆಯದು, ಚಾವಿ ತೆಗೆದಾಗ ಸ್ಪೀಕರ್ ಬಂದ್ ಆಗುವಂತೆ ಜೋಡಿಸಬೇಕು. ಇಲ್ಲದಿದ್ದರೆ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿ ಹಾಡು ಹಚ್ಚಿ ಕೂತವನ ಕಥೆ ಏನಾಗುತ್ತದೆ? 2 ಆಂಪಿಯರ್ ಎಳೆಯುವ ಆಂಪ್ಲಿಫೈಯರು 3 ಆಂಪಿಯರ್ ಅವರ್ ಬ್ಯಾಟರಿಯನ್ನು ಮುಕ್ಕಾಲು ತಾಸಿನಲ್ಲಿ ಅರ್ಧ ಮಾಡುತ್ತದೆ. ಆಮೇಲೆ ಸೆಲ್ಫ್ ಒತ್ತಿದರೆ ಗಾಡಿ ಕೆಮ್ಮುತ್ತದೆ, ಎದ್ದೇಳುವುದಿಲ್ಲ. ಕಿಕ್ ಇಲ್ಲದ ಗಾಡಿಯಾದರೆ ಗೆಳೆಯರೇ ನೂಕಬೇಕು.

ಹೊಸ ಗಾಡಿಯ ವಾಯರು ಕತ್ತರಿಸಿದರೆ ಕಂಪನಿಯ ಗ್ಯಾರಂಟಿಯನ್ನೂ ಕತ್ತರಿಸಿದಂತೆ. ಆದ್ದರಿಂದ ಹೊಟ್ಟೆಯೊಳಗೇ ಬ್ಯಾಟರಿ ಇರುವ, ಮನೆಯಲ್ಲಿ ಚಾರ್ಜ್ ಮಾಡಿ ತರುವ, ಇಳಿಯುವಾಗ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವ ಸಣ್ಣ ಸ್ಪೀಕರೇ ಸಾಮಾನ್ಯನಿಗೆ ಸೈ. ಕಳ್ಳರ ಕಾಟವೂ ತಪ್ಪಿತು.

ಹೆಲ್ಮೆಟ್ಟಿನೊಳಗೆ ಕೂಡಿಸುವ ತೆಳು ಸ್ಪೀಕರುಗಳೂ ಬಂದಿವೆ. ಊರಿಗೆ ಅದರಿಂದ ಉಪದ್ರವ ಇಲ್ಲ. ಕಿವಿಗೆ ಹತ್ತಿರ ಇರುವುದರಿಂದ ಸಣ್ಣ ಸದ್ದೇ ಸಾಕು. ಆದರೆ ಅಲ್ಲೂ ಸದ್ದು ಏರಿಸಿದರೆ ರಸ್ತೆ ಮುಚ್ಚಿಹೋಗುತ್ತದೆ. ಇನ್ನು ಎರಡೂ ಕಿವಿಗೆ ಬಿರಡೆ ಜಡಿದುಕೊಂಡು ಗಾಡಿ ಓಡಿಸುವುದು ಕಣ್ಣಿಗೆ ಅರಿವೆ ಕಟ್ಟಿಕೊಂಡು ಓಡಿಸಿದಷ್ಟೇ ಜಾಣತನ.

ಇವನ ಹಾಡಿಗೆ ಯಾರು ಬೆಲೆ ಕೊಡಬೇಕು?

ಸವಾರನ ಕಿವಿ ಸ್ಪೀಕರಿನಿಂದ ಅರ್ಧ ಮೀಟರ್ ದೂರ. ಅಲ್ಲಿ 90 ಡೆಸಿಬಲ್ ಇಟ್ಟ ಅನ್ನಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿಗೆ 84, ಎರಡಕ್ಕೆ 78, ನಾಲ್ಕಕ್ಕೆ 72, ಎಂಟು ಮೀಟರಿಗೆ 66. ಎಂಟು ಮೀಟರ್ ಅಂದರೆ ರಸ್ತೆಯಿಂದ ಮನೆಯ ಪಡಸಾಲೆಗಿರುವಷ್ಟು ದೂರ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಮಿತಿ ಹಾಕಿದ್ದಾರೆ. ಪೇಟೆಗೆ 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಘೋಷಿಸಿದ ಶಾಂತ ವಲಯಕ್ಕೆ 50 ಮತ್ತು 40. ಹೋಲಿಸಿ ನೋಡಿ. ಅದೂ ಸವಾರ 'ಸಣ್ಣಗೆ' ಹಾಕಿಕೊಂಡಾಗಿನ ಲೆಕ್ಕ ಇದು. ಪರೀಕ್ಷೆಗೆ ಓದುವ ಹುಡುಗಿ, ರಾತ್ರಿ ಪಾಳಿ ಮುಗಿಸಿ ಮಲಗಿದ ಕಂಡಕ್ಟರು, ಆಗಷ್ಟೇ ಕಣ್ಣು ಮುಚ್ಚಿದ ಬಾಣಂತಿಯ ಕೂಸು, ಇವರ್ಯಾರೂ ಆ ಹಾಡು ಕೇಳಿಸು ಅಂತ ಅರ್ಜಿ ಹಾಕಿರಲಿಲ್ಲ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು ಎಂದು ಅದೇ ನಿಯಮ ಹೇಳುತ್ತದೆ. ಸುಪ್ರೀಂ ಕೋರ್ಟು 2005ರ ಜುಲೈನಲ್ಲಿ ಕೊಟ್ಟ ತೀರ್ಪಿನಲ್ಲಿ, ಒಲ್ಲದವನ ಕಿವಿಗೆ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲವೆಂಬ ನಿಲುವು ತಳೆಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮವಂತೂ ಕರ್ಕಶವಾದ, ಅತಿ ಜೋರಾದ, ಬೆಚ್ಚಿಬೀಳಿಸುವ ಸದ್ದು ಮಾಡುವ ಯಾವ ಸಾಧನವನ್ನೂ ವಾಹನಕ್ಕೆ ಕೂಡಿಸಬಾರದು ಅನ್ನುತ್ತದೆ. ಶಬ್ದದ ಮಿತಿ ಮೀರಿ ಗಾಡಿ ಓಡಿಸಿದವನಿಗೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ 2019ರಿಂದೀಚೆಗೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಕಾನೂನಿಗೆ ಕೊರತೆ ಇಲ್ಲ. ಜಾರಿಗೆ ಬರ.

ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯ ಮೇಲೆ ಸಾಲಾಗಿ ಇಟ್ಟು, ರೋಡ್ ರೋಲರ್ ಹಾಯಿಸಿದ್ದನ್ನು ಜನ ನೋಡಿದ್ದಾರೆ. ಸ್ಪೀಕರಿಗೆ ಅಷ್ಟು ದೂರ ಹೋಗುವುದು ಬೇಕಿಲ್ಲ. ಶಾಲೆ ಬಿಡುವ ಹೊತ್ತಿಗೆ, ತಾಲೂಕು ಆಸ್ಪತ್ರೆಯ ಎದುರಿಗೆ ಒಬ್ಬ ಕಾನ್‌ಸ್ಟೇಬಲ್ ನಿಂತು "ಏ ತಮ್ಮಾ, ಅದನ್ನ ಬಂದ್ ಮಾಡು" ಅಂದರೆ ಅರ್ಧ ಕೆಲಸ ಆಗುತ್ತದೆ. ಕೇಳದವನಿಗೆ ರಶೀದಿ ಹರಿಯಲಿ.

ಒಂದು ವಿನಾಯಿತಿಯನ್ನು ನ್ಯಾಯವಾಗಿ ಹೇಳಬೇಕು. ಗಾಡಿಯ ಮೇಲೆ ಕಸಬರಿಗೆ, ಕೊಡಪಾನ, ಉಪ್ಪು, ಮೀನು ಹೇರಿಕೊಂಡು ಓಣಿ ಓಣಿ ತಿರುಗುವವರು ಹ್ಯಾಂಡಲ್‌ಗೆ ಪುಟ್ಟ ಹಾರ್ನ್ ಕಟ್ಟಿ, ತಮ್ಮದೇ ಧ್ವನಿ ರೆಕಾರ್ಡ್ ಮಾಡಿ ಹಚ್ಚುತ್ತಾರೆ. ಮೊದಲು ಗಂಟಲು ಹರಿದುಕೊಂಡು ಕೂಗುತ್ತಿದ್ದರು. ಈ ಸ್ಪೀಕರ್ ಅವರ ಗಂಟಲು ಉಳಿಸಿದೆ, ಹೊಟ್ಟೆ ತುಂಬಿಸಿದೆ. ಅವರು ನಡಿಗೆಯ ವೇಗದಲ್ಲಿ ಹೋಗುವವರು, ಕರೆದರೆ ನಿಲ್ಲುವವರು. ಓಣಿಗೆ ಬಂದು ಎರಡು ಸಲ ಕೂಗಿಸಿ, ವ್ಯಾಪಾರ ಶುರುವಾದ ಮೇಲೆ ಬಂದ್ ಮಾಡಿದರೆ ಯಾರ ತಕರಾರೂ ಇಲ್ಲ. ಅವರನ್ನು ಹಿಡಿದು, ಷೋಕಿಗಾರರನ್ನು ಬಿಟ್ಟರೆ ಅದು ನ್ಯಾಯವಲ್ಲ.

ಬಸ್ಸಿನವರ ಪಾಡು

ಈ ಗದ್ದಲದಲ್ಲಿ ಯಾರೂ ಕೇಳದೆ ಉಳಿದವರು ಬಸ್ ಚಾಲಕರು. ವಾಯವ್ಯ ಸಾರಿಗೆಯ ಬಸ್ಸು ಕಿರಿದಾದ ಹಳ್ಳಿ ರಸ್ತೆಯಲ್ಲಿ ಐವತ್ತು ಅರವತ್ತು ಜನರನ್ನು ಹೇರಿಕೊಂಡು ಬರುತ್ತಿರುತ್ತದೆ. ಮುಂದೆ ಒಬ್ಬ ನಡುರಸ್ತೆಯಲ್ಲಿ ಹಾಡು ಕೇಳುತ್ತ ತಲೆಯಾಡಿಸುತ್ತ ಹೋಗುತ್ತಿದ್ದಾನೆ. ಹಾರ್ನ್ ಹೊಡೆದರೆ ಕೇಳುವುದಿಲ್ಲ. ಕನ್ನಡಿ ಇಲ್ಲ. 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಎರಡು ಸೆಕೆಂಡ್ ತಡವಾಗಿ ಹಾರ್ನ್ ಕೇಳಿಸಿಕೊಂಡವನು 33 ಮೀಟರ್ ದಾಟಿರುತ್ತಾನೆ. ಅಷ್ಟರಲ್ಲಿ ತಿರುವು ಬಂದಿರುತ್ತದೆ, ಎದುರಿಗೆ ಟ್ರ್ಯಾಕ್ಟರ್ ಬಂದಿರುತ್ತದೆ. ಚಾಲಕ ಬ್ರೇಕ್ ಒತ್ತಿದರೆ ನಿಂತು ಬಂದ ಮುದುಕಿ ಗೇರ್ ಬಾಕ್ಸ್ ಮೇಲೆ ಬೀಳುತ್ತಾಳೆ. ಒತ್ತದಿದ್ದರೆ ಹುಡುಗ ಗಾಲಿಯ ಕೆಳಗೆ. ಏನಾದರೂ ಆದರೆ ಜನ ಹಿಡಿದು ಬಡಿಯುವುದು ಬಸ್ಸಿನವನನ್ನೇ. ದೊಡ್ಡ ಗಾಡಿಯದೇ ತಪ್ಪು ಅನ್ನುವುದು ನಮ್ಮ ರಸ್ತೆಗಳ ಹಳೆಯ ನ್ಯಾಯ.

ಬಸ್ಸಿನೊಳಗೆ ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಬಾರದು ಎಂದು, ಹೈಕೋರ್ಟಿನ ಸೂಚನೆಯ ಮೇರೆಗೆ, ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲಿ ಆದೇಶ ಹೊರಡಿಸಿತು. ಟಿಕೆಟ್ ಕೊಟ್ಟು ಕೂತ ಪ್ರಯಾಣಿಕನಿಗೆ ಇರುವ ಶಿಸ್ತು, ಅದೇ ಬಸ್ಸಿನ ಮುಂದೆ ಪುಕ್ಕಟೆ ಮೆರವಣಿಗೆ ಹೊರಟವನಿಗೆ ಬೇಡವೇ?

ಅಂಗಡಿಕಾರರೇ, ನಿಮ್ಮ ಕೈಯಲ್ಲಿದೆ

ಪೊಲೀಸರನ್ನು ಬೈಯುವುದು ಸುಲಭ. ಆದರೆ ಈ ರೋಗಕ್ಕೆ ಮೊದಲ ಔಷಧಿ ಇರುವುದು ಪೇಟೆಯಲ್ಲೇ. ಮೊಬೈಲ್ ಅಂಗಡಿ, ಆಟೋಮೊಬೈಲ್ ಅಂಗಡಿ, ಗ್ಯಾರೇಜು, ಈ ಮೂರು ಕಡೆ ಹಾಯದೆ ಯಾವ ಸ್ಪೀಕರೂ ಹ್ಯಾಂಡಲ್ ಏರುವುದಿಲ್ಲ.

ಮಾರುವವರು ನಾಲ್ಕು ಕೆಲಸ ಮಾಡಲಿ. ಡಬ್ಬಿಯ ಮೇಲಿನ ವಾಟ್ ಓದಿ ಹೇಳುವ ಬದಲು ನಿಜವಾದ ವಾಟ್ ಹೇಳಲಿ, ಅದು ಬರೆದಿಲ್ಲದ ಮಾಲು ತರಿಸದಿರಲಿ. ಕೊಳ್ಳುವವನ ಗಾಡಿ ಯಾವುದು, ದಾರಿ ಯಾವುದು ಅಂತ ಕೇಳಿ ಕೊಡಲಿ. ರಶೀದಿ ಕೊಡಲಿ, ಒಂದು ವಾರದಲ್ಲಿ ಕೆಟ್ಟರೆ ಬದಲಿಸಿ ಕೊಡಲಿ. ಕನ್ನಡಿ ಬಿಚ್ಚಿ ಸ್ಪೀಕರ್ ಕೂಡಿಸಿ ಅಂದವನಿಗೆ ಗ್ಯಾರೇಜಿನವರು ಖಡಾಖಂಡಿತ ಇಲ್ಲ ಅನ್ನಲಿ. ಒಬ್ಬ ಗಿರಾಕಿ ಹೋದರೆ ಹೋಗಲಿ. ಗಿರಾಕಿಯೇ ಇಲ್ಲವಾಗುವುದಕ್ಕಿಂತ ಅದು ವಾಸಿ.

ಕೊಳ್ಳುವವರು ಒಂದೇ ಒಂದು ಪರೀಕ್ಷೆ ಮಾಡಲಿ. ಸ್ಪೀಕರ್ ಕಟ್ಟಿ, ಸ್ಟ್ಯಾಂಡ್ ಹಾಕಿ ಗಾಡಿ ಚಾಲೂ ಮಾಡಿ, ಹೆಲ್ಮೆಟ್ ಹಾಕಿಕೊಂಡು ಕೂರಬೇಕು. ಹಾಡು ಹಚ್ಚಬೇಕು. ಗೆಳೆಯನನ್ನು ಐದು ಹೆಜ್ಜೆ ಹಿಂದೆ ನಿಲ್ಲಿಸಿ, ಮಾಮೂಲು ದನಿಯಲ್ಲಿ ಹೆಸರು ಹಿಡಿದು ಕರೆಯಲು ಹೇಳಬೇಕು. ಕೇಳಿಸಿದರೆ ಸರಿ. ಕೇಳಿಸದಿದ್ದರೆ ಕೇಳಿಸುವವರೆಗೆ ಹಾಡು ಇಳಿಸಬೇಕು. ಅದೇ ನಿನ್ನ ಗಾಡಿಯ ಮಿತಿ. ಬೇಕಾದರೆ ಸ್ಪೀಕರಿನ ಮೈಮೇಲೆ ಬಣ್ಣದ ಗುರುತು ಹಾಕಿಕೊಳ್ಳಿ. ಓಡುವಾಗ ಗಾಳಿಗೆ ಹಾಡು ಮಸುಕಾಯಿತು ಅಂತ ಮತ್ತೆ ಏರಿಸಬಾರದು. ವೇಗ ಇಳಿಸಿದರೆ ಹಾಡು ತಾನೇ ಕೇಳಿಸುತ್ತದೆ.

ದೀಪಾವಳಿ ಮುಗಿದರೆ ಹೋರಿ ಹಬ್ಬಗಳು ಶುರುವಾಗುತ್ತವೆ. ಹೋರಿಯ ಕೊರಳಿಗೆ ಕೊಬ್ಬರಿ, ಗಾಡಿಯ ಹ್ಯಾಂಡಲ್‌ಗೆ ಸ್ಪೀಕರು. ಊರೂರಿನಿಂದ ಹುಡುಗರು ಹಿಂಡು ಹಿಂಡಾಗಿ ಹೊರಡುತ್ತಾರೆ. ಆ ಹೊತ್ತಿಗೆ ಮೊದಲೇ ಹಾವೇರಿಯ ಆರ್‌ಟಿಒ ಕಚೇರಿಯವರು ಮತ್ತು ನಾಲ್ಕೂ ತಾಲೂಕಿನ ಪೊಲೀಸರು ಅಂಗಡಿಕಾರರನ್ನು ಒಂದು ಸಲ ಕರೆದು ಕೂರಿಸಿ ಮಾತಾಡಿದರೆ ಖರ್ಚಾಗುವುದು ಒಂದೊಂದು ಚಹಾ. ಮಾತಾಡದಿದ್ದರೆ ಆಗುವ ಖರ್ಚನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ವರಾಂಡದಲ್ಲಿ ಕೂತ ತಾಯಂದಿರು ತೆರಬೇಕಾಗುತ್ತದೆ. ಸಂಬಂಧಪಟ್ಟವರು ಯಾವುದನ್ನು ಆರಿಸಿಕೊಳ್ಳುತ್ತಾರೆ?